ಪಹಣಿಯ ಒಂಬತ್ತನೇ ಕಾಲಂ ಎಲ್ಲಿದೆ?

ಮದ್ದೂರು ತಾಲ್ಲೂಕಿನ ನಿಡಘಟ್ಟದ ರೈತರೊಬ್ಬರು ಬೆಳೆಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಅಲ್ಲಿ ಮೊದಲು ನೋಡುವುದು ಪಹಣಿಯ 9ನೇ ಕಾಲಂ, ಆಮೇಲೆ 11. ಒಂಬತ್ತರಲ್ಲಿ ಖಾತೆದಾರರ ಹೆಸರು, ವಿಸ್ತೀರ್ಣ, ಖಾತೆ ನಂಬರು. ಹನ್ನೊಂದರಲ್ಲಿ ಜಮೀನಿನ ಮೇಲಿರುವ ಸಾಲ, ಋಣ. ನಡುವಿನ ಹತ್ತರಲ್ಲಿ ಆ ಜಮೀನು ಅವರ ಕೈಗೆ ಹೇಗೆ ಬಂತು, ಕ್ರಯವೋ ವಿಭಾಗವೋ ಪೌತಿಯೋ ಎಂಬ ವಿವರ, ಜೊತೆಗೊಂದು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು. ಮದ್ದೂರು, ಮಳವಳ್ಳಿ ಕಡೆ ಹೆಚ್ಚು ಓದದವರೂ ‘ಒಂಬತ್ತರಲ್ಲಿ ಇನ್ನೂ ನಮ್ಮಪ್ಪನ ಹೆಸರೇ ಐತೆ’ ಎಂದು ನಂಬರು ಹಿಡಿದೇ ಮಾತಾಡುತ್ತಾರೆ. ಸರ್ಕಾರದ ಒಂದು ನಮೂನೆ ಜನರ ಬಾಯಿಪಾಠವಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಕಾಗದದ ಪಹಣಿಯಲ್ಲಿ ಕಾಲಂ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಯಾವ ಊರಿನ ಪುಸ್ತಕ ತೆರೆದರೂ ಒಂಬತ್ತು ಒಂಬತ್ತರ ಜಾಗದಲ್ಲೇ ಇರುತ್ತಿತ್ತು. ಗ್ರಾಮ ಲೆಕ್ಕಿಗರು ಬದಲಾದರೂ ಪುಟದ ಗೆರೆಗಳು ಬದಲಾಗುತ್ತಿರಲಿಲ್ಲ. ಬರಹ ಎಲ್ಲಿ ಕೂತಿದೆ ಎಂಬುದರಿಂದಲೇ ಅದೇನೆಂದು ತಿಳಿಯುತ್ತಿತ್ತು.

ಈ ಏರ್ಪಾಡು ಕಂಪ್ಯೂಟರಿಗೆ ಹೋದದ್ದು ‘ಭೂಮಿ’ ಯೋಜನೆಯಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ, ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಸಿದ್ಧಪಡಿಸಿದ ತಂತ್ರಾಂಶ ಬಳಸಿ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಅಲ್ಲಿಯವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು. ಇದರ ಸಾಮಾಜಿಕ ಫಲಾಫಲಗಳ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಈ ಅಧ್ಯಾಯದ ಕುತೂಹಲ ಬೇರೆ: ಮುದ್ರಿತ ಹಾಳೆಯ ಮೇಲೆ ಕಾಣುವ 9ನೇ ಕಾಲಂ ಯಂತ್ರದ ಒಳಗೆ ಎಲ್ಲಿರುತ್ತದೆ? ನಾಳೆ ಕೆಲಸಕ್ಕೆ ಸೇರುವ ಹೊಸ ಪ್ರೋಗ್ರಾಮರ್ ಅದನ್ನು ಹುಡುಕಿಕೊಳ್ಳುವುದು ಹೇಗೆ?

ನೇರ ಉತ್ತರ ಏನೆಂದರೆ, ಒಳಗೆ ಒಂಬತ್ತನೇ ಕಾಲಂ ಎಂಬುದೊಂದು ಒಂದೇ ಕಡೆ ಇರಬೇಕಿಲ್ಲ. ಒಂದು ಜಮೀನಿಗೆ ಮೂವರು ಅಣ್ಣತಮ್ಮಂದಿರು ಜಂಟಿ ಖಾತೆದಾರರಾಗಿರಬಹುದು. ಅವರಲ್ಲೊಬ್ಬರಿಗೆ ಬೇರೆ ನಾಲ್ಕು ಸರ್ವೆ ನಂಬರುಗಳಲ್ಲಿ ಪಾಲಿರಬಹುದು. ಕಾಗದದಲ್ಲಿ ಗುಮಾಸ್ತರು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ಮುಗಿಸುತ್ತಿದ್ದರು. ಡೇಟಾಬೇಸ್ ಹಾಗೆ ಒಪ್ಪುವುದಿಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯ ಪ್ರಕಾರ ಒಂದು ಸಂಗತಿ ಒಂದೇ ಕಡೆ ಇರಬೇಕು, ಒಂದು ಮನೆಯಲ್ಲಿ ಒಂದೇ ಬೆಲೆ ಕೂರಬೇಕು. ಆದ್ದರಿಂದ ಪಹಣಿಯನ್ನು ಬಿಡಿಸಬೇಕಾಗುತ್ತದೆ. ಜಮೀನಿಗೊಂದು ಟೇಬಲ್, ವ್ಯಕ್ತಿಗೊಂದು, ಯಾರಿಗೆ ಎಲ್ಲಿ ಎಷ್ಟು ಪಾಲು ಎಂಬುದಕ್ಕೆ ಮೂರನೆಯದು, ಖಾತೆ ಬದಲಾವಣೆಗೆ (ಮ್ಯುಟೇಷನ್) ಇನ್ನೊಂದು, ಬೆಳೆಗೆ ಮತ್ತೊಂದು. (ಇದು ವಿವರಣೆಗಾಗಿ ನಾನು ಕಟ್ಟಿದ ಮಾದರಿ, ‘ಭೂಮಿ’ಯ ಒಳರಚನೆಯ ವರ್ಣನೆಯಲ್ಲ.) ಮುದ್ರಣದ ಹೊತ್ತಿಗೆ ತಂತ್ರಾಂಶ ಇವನ್ನೆಲ್ಲ ಹೆಣೆದು ಒಂಬತ್ತನೇ ಕಾಲಂ ಅನ್ನು ಹೊಸದಾಗಿ ಸೃಷ್ಟಿಸುತ್ತದೆ.

ನನ್ನ ಮಾದರಿಯಲ್ಲಿ ಟೇಬಲ್‌ಗಳು ಐದೇ ಇವೆ. ನಿಜವಾದ ಕಚೇರಿ ವ್ಯವಸ್ಥೆ ಇಪ್ಪತ್ತು ವರ್ಷ ಬೆಳೆದಿದ್ದರೆ ಟೇಬಲ್‌ಗಳು ನೂರಾರು, ಕಾಲಂಗಳು ಸಾವಿರಾರು. ಕಟ್ಟಿದವರು ವರ್ಗವಾಗಿ ಹೋಗಿರುತ್ತಾರೆ. ನಕ್ಷೆಯ ಫೈಲು ಇದ್ದರೂ ಹಳೆಯದಾಗಿರುತ್ತದೆ. ಆಗ ಕೇಳಬೇಕಾದದ್ದು ಡೇಟಾಬೇಸನ್ನೇ. ಅದು ಉತ್ತರ ಕೊಡುತ್ತದೆ, ಯಾಕೆಂದರೆ ತನ್ನ ರಚನೆಯ ವಿವರವನ್ನೂ ಅದು ಟೇಬಲ್‌ಗಳಲ್ಲೇ ಇಟ್ಟುಕೊಂಡಿರುತ್ತದೆ.

ಇದು ತಾನಾಗಿ ಒದಗಿದ ಅನುಕೂಲವಲ್ಲ, ಹಟ ಹಿಡಿದು ಮಾಡಿಸಿದ್ದು. 1985ರಲ್ಲಿ ಮಾರುಕಟ್ಟೆಯಲ್ಲಿ ಎಲ್ಲರೂ ತಮ್ಮ ಸರಕನ್ನು ‘ರಿಲೇಷನಲ್’ ಎಂದು ಕರೆದುಕೊಳ್ಳತೊಡಗಿದಾಗ ಕಾಡ್ ಸಿಟ್ಟಾಗಿ ಹನ್ನೆರಡು ನಿಯಮಗಳ ಪಟ್ಟಿ ಪ್ರಕಟಿಸಿದರು. ಅದರ ನಾಲ್ಕನೆಯ ನಿಯಮ ಹೇಳುವುದಿಷ್ಟು: ಡೇಟಾಬೇಸಿನ ವರ್ಣನೆಯೂ ಸಾಮಾನ್ಯ ಮಾಹಿತಿಯ ರೂಪದಲ್ಲೇ ಇರಬೇಕು, ಮಾಹಿತಿಯನ್ನು ಕೇಳುವ ಭಾಷೆಯಲ್ಲೇ ಅದನ್ನೂ ಕೇಳಲು ಬರಬೇಕು. ಹನ್ನೆರಡರಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಉಳಿದ ಹಲವು ನಿಯಮಗಳನ್ನು ಇವತ್ತಿಗೂ ಯಾವ ಕಂಪನಿಯೂ ಪೂರ್ತಿ ಪಾಲಿಸಿಲ್ಲ. ಇದನ್ನು ಮಾತ್ರ ಬಹುಪಾಲು ಎಲ್ಲರೂ ಒಪ್ಪಿಕೊಂಡರು. ಡೇಟಾಬೇಸನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ 1992ರ ಮಾನಕವು ಈ ವಿವರಗಳಿಗೆ ‘ಇನ್ಫರ್ಮೇಷನ್ ಸ್ಕೀಮಾ’ ಎಂಬ ಪ್ರಮಾಣಿತ ಹೆಸರನ್ನೂ ಕೊಟ್ಟಿತು.

ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸಿನಲ್ಲಿ ಇದು ಹೇಗಿದೆ ನೋಡಿ. ‘ಪಿಜಿ ಕ್ಲಾಸ್’ ಎಂಬ ಟೇಬಲ್ಲಿನಲ್ಲಿ ಪ್ರತಿ ಟೇಬಲ್ಲಿಗೂ ಒಂದು ಸಾಲು. ‘ಪಿಜಿ ಆಟ್ರಿಬ್ಯೂಟ್’ ಎಂಬುದರಲ್ಲಿ ಪ್ರತಿ ಕಾಲಮ್ಮಿಗೂ ಒಂದು ಸಾಲು. ಪಿಜಿ ಕ್ಲಾಸ್ ತಾನೂ ಒಂದು ಟೇಬಲ್ ಆದ್ದರಿಂದ ಅದರೊಳಗೆ ಅದರ ಹೆಸರೂ ಇದೆ. ಪಿಜಿ ಆಟ್ರಿಬ್ಯೂಟ್‌ನ ಕಾಲಂಗಳ ವಿವರ ಪಿಜಿ ಆಟ್ರಿಬ್ಯೂಟ್‌ನಲ್ಲೇ ಇದೆ. ಹಾಗಾದರೆ ಮೊದಲ ಸಾಲನ್ನು ಬರೆದವರು ಯಾರು? ಯಾವ ಟೇಬಲ್ಲೂ ಇಲ್ಲದಾಗ ಟೇಬಲ್‌ಗಳ ಟೇಬಲ್ಲನ್ನು ಸಾಮಾನ್ಯ ಆಜ್ಞೆಯಿಂದ ಸೃಷ್ಟಿಸಲು ಬರುವುದಿಲ್ಲ. ಅದಕ್ಕೇ ಡೇಟಾಬೇಸನ್ನು ಮೊದಲ ಸಲ ಸ್ಥಾಪಿಸುವಾಗ ಒಂದು ವಿಶೇಷ ಸ್ಥಿತಿಯಲ್ಲಿ ಅದನ್ನು ಎಬ್ಬಿಸಿ, ಸಿದ್ಧಪಡಿಸಿಟ್ಟ ಕಡತದಿಂದ ಈ ಮೊದಲ ಸಾಲುಗಳನ್ನು ನೇರವಾಗಿ ತುಂಬುತ್ತಾರೆ.

ಇನ್ನೊಂದು ಸ್ವಾರಸ್ಯ. ಪಿಜಿ ಆಟ್ರಿಬ್ಯೂಟ್‌ನಲ್ಲಿ ಪ್ರತಿ ಕಾಲಮ್ಮಿಗೂ ಪಹಣಿಯಲ್ಲಿರುವಂತೆ ಒಂದು ಕ್ರಮಸಂಖ್ಯೆ ಇರುತ್ತದೆ. ಒಂಬತ್ತನೆಯ ಕಾಲಂ ಅನ್ನು ಅಳಿಸಿದರೆ ಹತ್ತನೆಯದು ಮುಂದೆ ಸರಿದು ಒಂಬತ್ತಾಗುವುದಿಲ್ಲ. ಅಳಿದದ್ದರ ಹೆಸರು ಹೋಗಿ ‘ಅಳಿಸಲಾಗಿದೆ’ ಎಂಬ ಗುರುತು ಬೀಳುತ್ತದೆ, ನಂಬರು ಖಾಲಿ ಉಳಿಯುತ್ತದೆ. ಹುಡುಕಾಟದ ವೇಳೆ ಇಂಥ ಸತ್ತ ಕಾಲಂಗಳನ್ನು ಬಿಟ್ಟು ಕೇಳದಿದ್ದರೆ ಉತ್ತರದ ನಡುವೆ ಚುಕ್ಕಿಗಳಿಂದ ತುಂಬಿದ ವಿಚಿತ್ರ ಹೆಸರುಗಳು ಬಂದು ಗಾಬರಿ ಹುಟ್ಟಿಸುತ್ತವೆ.

ಈಗ ಟರ್ಮಿನಲ್ಲಿಗೆ ಬರೋಣ. ಮೌಸ್ ಹಿಡಿದು ಟೇಬಲ್‌ಗಳನ್ನು ತೋರಿಸುವ ಬಣ್ಣಬಣ್ಣದ ತಂತ್ರಾಂಶಗಳಿರುವಾಗ ಕಪ್ಪು ಪರದೆಯ ಹಂಗೇಕೆ? ಒಂದು ಕಾರಣ ಬಡತನದ್ದು: ಸರ್ವರ್ ದೂರದ ಡೇಟಾ ಕೇಂದ್ರದಲ್ಲಿರುತ್ತದೆ, ಅಲ್ಲಿಗೆ ಅಕ್ಷರಗಳು ಮಾತ್ರ ಹೋಗಿ ಬರುವ ಸಂಪರ್ಕ ಸಾಕು, ಅದೇ ಸುರಕ್ಷಿತವೂ ಹೌದು. ಇನ್ನೊಂದು ಕಾರಣ ಶ್ರೀಮಂತಿಕೆಯದು: ಟರ್ಮಿನಲ್ಲಿನಲ್ಲಿ ಒಂದು ಆಜ್ಞೆಯ ಉತ್ತರವನ್ನು ಇನ್ನೊಂದರ ಬಾಯಿಗೆ ಕೊಡಬಹುದು. ಡಗ್ಲಸ್ ಮೆಕಿಲ್ರಾಯ್ ಒತ್ತಾಯಿಸಿ ಯೂನಿಕ್ಸ್‌ಗೆ ಸೇರಿಸಿದ ‘ಪೈಪ್’, ಪಠ್ಯದಲ್ಲಿ ಪದ ಹುಡುಕಲು ಕೆನ್ ಥಾಂಪ್ಸನ್ ಬರೆದ ‘ಗ್ರೆಪ್’ ಎರಡೂ 1973ರ ಸುಮಾರಿನವು. ಇಂದಿಗೂ ಇವಿಲ್ಲದೆ ಕೆಲಸ ನಡೆಯುವುದಿಲ್ಲ.

ಸಾಮಾನ್ಯವಾಗಿ ಎಲ್ಲರೂ ಮೊದಲು ಕಲಿಯುವುದು ಡೇಟಾಬೇಸಿನ ಕ್ಲೈಂಟ್ ತಂತ್ರಾಂಶ ಕೊಡುವ ಚಿಕ್ಕ ಆಜ್ಞೆಗಳನ್ನು. ಮೈಎಸ್‌ಕ್ಯೂಎಲ್‌ನಲ್ಲಿ ‘ಶೋ ಟೇಬಲ್ಸ್’, ‘ಡಿಸ್ಕ್ರೈಬ್’. ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಡಿ. ಎಸ್‌ಕ್ಯೂಎಲ್‌ಲೈಟ್‌ನಲ್ಲಿ ಚುಕ್ಕಿ ಇಟ್ಟು ಸ್ಕೀಮಾ. ಟೇಬಲ್ಲಿನ ಹೆಸರು ಗೊತ್ತಿದ್ದವರಿಗೆ ಇವು ಸಾಕು. ನಮ್ಮ ಕಷ್ಟವೆಂದರೆ ಹೆಸರೇ ಗೊತ್ತಿಲ್ಲ. ಒಂದೊಂದಾಗಿ ನಾನೂರು ಟೇಬಲ್ ತೆರೆದು ನೋಡುವವರೂ ಇದ್ದಾರೆ, ಪಾಪ.

ಪಿಎಸ್‌ಕ್ಯೂಎಲ್ ಅನ್ನು ದೊಡ್ಡಕ್ಷರದ ‘ಇ’ ಆಯ್ಕೆಯೊಂದಿಗೆ ಆರಂಭಿಸಿದರೆ ಗುಟ್ಟು ಬಯಲಾಗುತ್ತದೆ. ಎರಡಕ್ಷರದ ಆ ಆಜ್ಞೆಯ ಹಿಂದೆ ಅದು ಡೇಟಾಬೇಸಿಗೆ ಕಳಿಸುವ ಉದ್ದುದ್ದ ಪ್ರಶ್ನೆಗಳೆಲ್ಲ ಪರದೆಯ ಮೇಲೆ ಬರುತ್ತವೆ. ಎಲ್ಲವೂ ಪಿಜಿ ಕ್ಲಾಸ್, ಪಿಜಿ ಆಟ್ರಿಬ್ಯೂಟ್‌ಗಳನ್ನೇ ಕೇಳುವ ಸಾಮಾನ್ಯ ಎಸ್‌ಕ್ಯೂಎಲ್. ಅಂದರೆ ಆ ಪ್ರಶ್ನೆಗಳನ್ನು ನಾವೂ ಕೇಳಬಹುದು, ನಮಗೆ ಬೇಕಾದಂತೆ ತಿರುಗಿಸಿ: ‘ಹೆಸರಿನಲ್ಲಿ ಖಾತೆ ಎಂಬುದಿರುವ ಎಲ್ಲ ಕಾಲಂಗಳೂ, ಅವು ಯಾವ ಟೇಬಲ್ಲಿನವು ಎಂಬುದೂ ಬರಲಿ.’ ಒಂದೇ ಸಾಲಿನ ಪ್ರಶ್ನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ.

ಇಷ್ಟು ಬೇಗ ಹೇಗೆ? ಹುಡುಕುವ ಪದ ಹೆಸರಿನ ನಡುವೆ ಎಲ್ಲಾದರೂ ಇರಬಹುದು ಎಂದಾಗ ಸಾಮಾನ್ಯ ಸೂಚಿ (ಇಂಡೆಕ್ಸ್) ಕೆಲಸಕ್ಕೆ ಬಾರದು. ಮೊದಲಿನಿಂದ ಕೊನೆಯವರೆಗೆ ಪ್ರತಿ ಸಾಲನ್ನೂ ಓದಬೇಕು. 2 ಕೋಟಿ ಸಾಲಿನ ದಾಖಲೆಯಲ್ಲಿ ಹೀಗೆ ಹುಡುಕಿದರೆ ಕಿಟಕಿಯ ಮುಂದೆ ನಿಂತವರು ಬೈಯುತ್ತಾರೆ. ಆದರೆ ರಚನೆಯ ಪಟ್ಟಿಯಲ್ಲಿರುವುದು ಕೆಲವು ಸಾವಿರ ಸಾಲು ಮಾತ್ರ. ಜಮೀನು ಎಷ್ಟೇ ಹಿಸ್ಸೆಯಾದರೂ, ಖಾತೆದಾರರು ಎಷ್ಟೇ ಹೆಚ್ಚಿದರೂ ಈ ಪಟ್ಟಿ ಬೆಳೆಯುವುದಿಲ್ಲ. ದಕ್ಷತೆಯೆಂದು ನಾವು ಕರೆಯುವುದರಲ್ಲಿ ಅರ್ಧಪಾಲು ಇದೇ: ದೊಡ್ಡದರಲ್ಲಿ ‘ಏನು’ ಎಂದು ಹುಡುಕುವ ಮೊದಲು ಚಿಕ್ಕದರಲ್ಲಿ ‘ಎಲ್ಲಿ’ ಎಂದು ಹುಡುಕುವುದು.

ಆ ಚಿಕ್ಕ ಪಟ್ಟಿಯೂ ಒಂದು ಕಾಲಕ್ಕೆ ನಿಧಾನವಾಗಿತ್ತು. ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಟೇಬಲ್ಲಿನ ರಚನೆಯೂ ಡಿಸ್ಕಿನ ಮೇಲೆ ಬೇರೆ ಬೇರೆ ಕಡತದಲ್ಲಿರುತ್ತಿತ್ತು. ಇನ್ಫರ್ಮೇಷನ್ ಸ್ಕೀಮಾವನ್ನು ಕೇಳಿದರೆ ಅದು ಆ ಕಡತಗಳನ್ನು ತೆರೆದು ಓದಬೇಕಿತ್ತು. ಸಾವಿರಾರು ಟೇಬಲ್ ಇದ್ದ ಕಡೆ ಇದು ಶಿಕ್ಷೆಯೇ. ಡೇಟಾಬೇಸ್ ಆಯ್ಕೆ ಮಾಡಿದ ಕೂಡಲೇ ‘ಹೆಸರುಗಳನ್ನು ಪೂರ್ಣಗೊಳಿಸಲು ಟೇಬಲ್‌ಗಳ ಮಾಹಿತಿ ಓದುತ್ತಿದ್ದೇನೆ, ಬೇಗ ಶುರುವಾಗಬೇಕಿದ್ದರೆ ದೊಡ್ಡಕ್ಷರದ ಎ ಆಯ್ಕೆ ಬಳಸಿ’ ಎಂಬ ಅರ್ಥದ ಸಂದೇಶವನ್ನು ಮೈಎಸ್‌ಕ್ಯೂಎಲ್ ಇಂದಿಗೂ ತೋರಿಸುತ್ತದೆ. ಟ್ಯಾಬ್ ಒತ್ತಿದಾಗ ಅರ್ಧ ಬರೆದ ಹೆಸರು ತಾನೇ ತುಂಬಿಕೊಳ್ಳಲಿ ಎಂಬ ಉಪಚಾರಕ್ಕಾಗಿ ಆ ಓದು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಆ ಕಡತಗಳನ್ನು ಕೈಬಿಟ್ಟು ರಚನೆಯ ವಿವರವನ್ನೂ ಒಳಗಿನ ಟೇಬಲ್‌ಗಳಿಗೆ ಸೇರಿಸಿದರು. ಕಾಡ್ ಹೇಳಿದ್ದನ್ನು ಒಳಹೊರಗೆ ಪಾಲಿಸಲು ಮೂವತ್ತಮೂರು ವರ್ಷ ಹಿಡಿಯಿತು.

ಪದೇ ಪದೇ ಹುಡುಕುವವರಿಗೆ ಇನ್ನೂ ಸುಲಭದ ದಾರಿಯಿದೆ. ಮಾಹಿತಿ ಬಿಟ್ಟು ರಚನೆಯನ್ನಷ್ಟೇ ಒಂದು ಪಠ್ಯ ಕಡತಕ್ಕೆ ಇಳಿಸಿಕೊಳ್ಳುವ ಆಜ್ಞೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ಇದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಸರ್ವರಿನ ಗೊಡವೆಯಿಲ್ಲ. ಗ್ರೆಪ್ ಇದೆ, ಸುತ್ತಲಿನ ಹತ್ತು ಸಾಲನ್ನೂ ಸೇರಿಸಿ ತೋರಿಸೆಂದು ಅದಕ್ಕೆ ಹೇಳಬಹುದು. ಪ್ರತಿ ತಿಂಗಳ ಕಡತವನ್ನು ಉಳಿಸಿಕೊಂಡರೆ ಯಾವ ಕಾಲಂ ಯಾವಾಗ ಬಂತು, ಯಾವಾಗ ಹೋಯಿತು ಎಂಬ ಚರಿತ್ರೆಯೂ ಸಿಗುತ್ತದೆ. ಅದು ಯಾವ ಡೇಟಾಬೇಸಿನ ಕ್ಯಾಟಲಾಗಿನಲ್ಲೂ (ರಚನೆಯ ಪಟ್ಟಿಯಲ್ಲೂ) ಇಲ್ಲದ ಸಂಗತಿ. ಕಡತ ಹಳತಾಗುತ್ತದೆ ಎಂಬುದೊಂದೇ ಅಪಾಯ.

ಇಲ್ಲಿಯವರೆಗೆ ಸಲೀಸು. ಎಡವುವುದು ಚಿಹ್ನೆಗಳಲ್ಲಿ. ‘ಭೂಮಿ’ಯ ಪಹಣಿಯಲ್ಲಿ ಜಮೀನಿನ ಗುರುತು ಮೂರು ತುಂಡು: ಸರ್ವೆ ನಂಬರು, ಸುರ್ನೋಕ್, ಹಿಸ್ಸಾ. ಸುರ್ನೋಕ್ ಇಲ್ಲದ ಕಡೆ ನಕ್ಷತ್ರ ಚಿಹ್ನೆ ಬೀಳುತ್ತದೆ. 45/*/2 ಎಂದರೆ ಸರ್ವೆ ನಂಬರು 45ರ ಎರಡನೇ ಹಿಸ್ಸೆ. ರೈತರಿಗೆ ಆ ನಕ್ಷತ್ರ ಖಾಲಿ ಜಾಗ. ಟರ್ಮಿನಲ್ಲಿಗೆ ಹಾಗಲ್ಲ. ಉದ್ಧರಣ ಚಿಹ್ನೆ ಇಲ್ಲದೆ ಇದನ್ನು ಟೈಪು ಮಾಡಿದರೆ ಆಜ್ಞೆಗಳನ್ನು ಓದುವ ಶೆಲ್ ಅದನ್ನು ಕಡತಗಳ ದಾರಿಯೆಂದು ತಿಳಿದು, 45 ಎಂಬ ಫೋಲ್ಡರಿನೊಳಗಿನ ಎಲ್ಲ ಫೋಲ್ಡರುಗಳಲ್ಲಿ 2 ಎಂಬುದಿದೆಯೇ ಎಂದು ನೋಡಲು ಹೊರಡುತ್ತದೆ. ಉದ್ಧರಣ ಚಿಹ್ನೆ ಹಾಕಿ ಗ್ರೆಪ್‌ಗೆ ಕೊಟ್ಟರೆ ಅಲ್ಲಿ ನಕ್ಷತ್ರಕ್ಕೆ ಮತ್ತೊಂದು ಅರ್ಥ: ಹಿಂದಿನ ಅಕ್ಷರ ಎಷ್ಟು ಸಲವಾದರೂ ಬರಬಹುದು, ಬಾರದೆಯೂ ಇರಬಹುದು. ಪರಿಣಾಮ, ಅದು 45/2 ಎಂಬುದನ್ನು ಹೆಕ್ಕಿ ತರುತ್ತದೆ. ನಮಗೆ ಬೇಕಿದ್ದ 45/*/2 ಕಣ್ಣೆದುರಿಗಿದ್ದರೂ ಬಿಟ್ಟುಬಿಡುತ್ತದೆ! ಎಸ್‌ಕ್ಯೂಎಲ್‌ನಲ್ಲಿ ಅದೇ ನಕ್ಷತ್ರ ‘ಎಲ್ಲ ಕಾಲಂಗಳು’. ಕೊಟ್ಟದ್ದನ್ನು ಅಕ್ಷರಶಃ ಹುಡುಕು ಎನ್ನುವ ಆಯ್ಕೆ ಗ್ರೆಪ್‌ನಲ್ಲಿದೆ, ದೊಡ್ಡಕ್ಷರದ ಎಫ್. ಸರ್ವೆ ನಂಬರುಗಳೊಂದಿಗೆ ಏಗುವವರು ಅದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ನಕ್ಷತ್ರ ಕಣ್ಣಿಗಾದರೂ ಬೀಳುತ್ತದೆ. ಅಂಡರ್‌ಸ್ಕೋರ್ ಸದ್ದಿಲ್ಲದೆ ಮೋಸ ಮಾಡುತ್ತದೆ. ಎಸ್‌ಕ್ಯೂಎಲ್‌ನ ‘ಲೈಕ್’ ಹುಡುಕಾಟದಲ್ಲಿ ಅಂಡರ್‌ಸ್ಕೋರ್ ಎಂದರೆ ಯಾವುದಾದರೂ ಒಂದು ಅಕ್ಷರ. ಕಾಲಂ, ಟೇಬಲ್ ಹೆಸರುಗಳ ತುಂಬ ಅದೇ ಚಿಹ್ನೆ. ‘ಆರ್‌ಟಿಸಿ’ಯ (ಪಹಣಿಯ ಇಂಗ್ಲಿಷ್ ಹೆಸರು) ಮುಂದೆ ಅಂಡರ್‌ಸ್ಕೋರ್ ಇರುವ ಟೇಬಲ್‌ಗಳಷ್ಟೇ ಬರಲಿ ಎಂದುಕೊಂಡು ಕೇಳಿದರೆ ‘ಆರ್‌ಟಿಸಿಓಲ್ಡ್’, ‘ಆರ್‌ಟಿಸಿ2ಬ್ಯಾಕಪ್’ಗಳೂ ಜೊತೆಗೆ ಬರುತ್ತವೆ. ಹಳೆಯ ನಕಲನ್ನೇ ಅಸಲಿಯೆಂದು ನಂಬಲು ಇಷ್ಟು ಸಾಕು.

ಇನ್ನು ಕಾಗುಣಿತ. ನಮ್ಮ ಕಚೇರಿಗಳಲ್ಲಿ ಕಾಲಂ ಹೆಸರುಗಳು ಇಂಗ್ಲಿಷ್ ಅಕ್ಷರದ ಕನ್ನಡ. ಖಾತೆಗೆ ಒಬ್ಬರು ‘ಟಿ’ ಬರೆದರೆ ಇನ್ನೊಬ್ಬರು ‘ಟಿ’ಯ ಪಕ್ಕ ‘ಎಚ್’ ಇಡುತ್ತಾರೆ, ಮತ್ತೊಬ್ಬರು ‘ಕೆ’ಯ ಪಕ್ಕದ ‘ಎಚ್’ ತೆಗೆಯುತ್ತಾರೆ. ಮೊದಲು ಹೇಳಿದ ಊರಿನ ಹೆಸರೇ ಸಾಕ್ಷಿ. ಬೆಂಗಳೂರು–ಮೈಸೂರು ಹೆದ್ದಾರಿ 275ರ ವಿಸ್ತರಣೆಯನ್ನು ಎರಡು ಪ್ಯಾಕೇಜು ಮಾಡಿದಾಗ ಗಡಿಯಾದದ್ದು ನಿಡಘಟ್ಟ: ಬೆಂಗಳೂರಿನಿಂದ ಇಲ್ಲಿಗೆ ಸುಮಾರು 56 ಕಿ.ಮೀ., ಇಲ್ಲಿಂದ ಮೈಸೂರಿಗೆ 61. ಆ ಹೆದ್ದಾರಿಯ ಕಾಗದಪತ್ರಗಳಲ್ಲಿ ಊರಿನ ಇಂಗ್ಲಿಷ್ ಹೆಸರು ‘ಜಿ’ಯ ಪಕ್ಕ ‘ಎಚ್’ ಇಲ್ಲದೆ ಬರುತ್ತದೆ, ಪತ್ರಿಕೆಗಳಲ್ಲಿ ‘ಎಚ್’ ಸಮೇತ. ಅಕ್ಷರಶಃ ಹುಡುಕುವ ಯಂತ್ರಕ್ಕೆ ಇವು ಎರಡು ಊರು.

ಪರಿಹಾರ ಸರಳವೂ ಜಾಣತನದ್ದೂ ಆಗಿದೆ. ಹೆಸರನ್ನು ಮೂರು ಮೂರು ಅಕ್ಷರದ ಚೂರು ಮಾಡಿ, ಒಂದೊಂದೇ ಅಕ್ಷರ ಸರಿಯುತ್ತ. ‘ಎಚ್’ ಇಲ್ಲದ ನಿಡಘಟ್ಟದಲ್ಲಿ ಒಂಬತ್ತು ಇಂಗ್ಲಿಷ್ ಅಕ್ಷರ, ಆದ್ದರಿಂದ ಏಳು ಚೂರು. ‘ಎಚ್’ ಇರುವುದರಲ್ಲಿ ಎಂಟು. ಎರಡಕ್ಕೂ ಸಮಾನವಾದವು ಐದು. ಎರಡನ್ನೂ ಸೇರಿಸಿ, ಪುನರಾವರ್ತನೆ ಬಿಟ್ಟರೆ ಒಟ್ಟು ಹತ್ತು. ಹತ್ತರಲ್ಲಿ ಐದು, ಅಂದರೆ ಹೋಲಿಕೆ 0.5. ಪೋಸ್ಟ್‌ಗ್ರೆಸ್‌ನ ಟ್ರೈಗ್ರಾಂ ಸೌಲಭ್ಯ ಹೆಸರಿನ ಅಂಚುಗಳನ್ನೂ ಲೆಕ್ಕಕ್ಕೆ ಸೇರಿಸುವುದರಿಂದ ಅಲ್ಲಿ ಇದು ಇನ್ನೂ ಮೇಲೇರುತ್ತದೆ. 0.3 ದಾಟಿದರೆ ಸಾಕು, ಎರಡೂ ಹತ್ತಿರದವೆಂದು ಅದು ಒಪ್ಪುತ್ತದೆ. ಖಾತೆ, ಹೋಬಳಿ, ಹಿಸ್ಸಾಗಳ ನಾನಾ ರೂಪಗಳೂ ಹೀಗೇ ಬಲೆಗೆ ಬೀಳುತ್ತವೆ. ಜೊತೆಗೆ ಒಂದಿಷ್ಟು ಕಸವೂ ಬೀಳುತ್ತದೆ, ಅದನ್ನು ಕಣ್ಣಿನಿಂದ ಆರಿಸಬೇಕು.

ಹೆಸರೇ ಬೇಡ ಎನ್ನುವ ಸಂದರ್ಭಗಳೂ ಇವೆ. ಪಹಣಿಯಲ್ಲಿ ವಿಸ್ತೀರ್ಣ ಎಕರೆ-ಗುಂಟೆಯಲ್ಲಿ ಇರುತ್ತದೆ, ನಲವತ್ತು ಗುಂಟೆಗೆ ಒಂದು ಎಕರೆ. 2 ಎಕರೆ 35 ಗುಂಟೆಯನ್ನು ಯಾರಾದರೂ 2.35 ಎಂದು ದಶಮಾಂಶ ಕಾಲಮ್ಮಿನಲ್ಲಿ ತುಂಬಿ, 1 ಎಕರೆ 30 ಗುಂಟೆಯನ್ನು 1.30 ಎಂದು ಬರೆದು ಕೂಡಿಸಿದರೆ ಯಂತ್ರ 3.65 ಎನ್ನುತ್ತದೆ. ಅದನ್ನು ಎಕರೆಯೆಂದು ಓದಿದರೆ 3 ಎಕರೆ 26 ಗುಂಟೆ. ನಿಜವಾದ ಮೊತ್ತ 4 ಎಕರೆ 25 ಗುಂಟೆ. ಮೂವತ್ತೊಂಬತ್ತು ಗುಂಟೆ ಮಂಗಮಾಯ! ರಸ್ತೆಗೆ ಹೋದ ಜಮೀನಿನ ಪರಿಹಾರ ಲೆಕ್ಕ ಹಾಕುವಾಗ ಇದು ಸಣ್ಣ ಮಾತಲ್ಲ. ಇಂಥ ತಪ್ಪು ಎಲ್ಲೆಲ್ಲಿ ಅಡಗಿರಬಹುದು ಎಂದು ನೋಡಲು ಹೆಸರಿಗಿಂತ ಬಗೆಯನ್ನು ಕೇಳುವುದು ಲೇಸು: ದಶಮಾಂಶದ ಬಗೆಯ, ಎರಡು ಸ್ಥಾನದ ನಿಖರತೆಯ ಕಾಲಂಗಳೆಲ್ಲ ಬರಲಿ. ಕ್ಯಾಟಲಾಗಿನಲ್ಲಿ ಬಗೆಯೂ ಒಂದು ಕಾಲಂ ತಾನೆ.

ಹೀಗೇ ಕೊಂಡಿಗಳನ್ನೂ ಕೇಳಬಹುದು. ಖಾತೆದಾರರ ಟೇಬಲ್ಲಿಗೆ ಬೇರೆ ಯಾವ ಟೇಬಲ್‌ಗಳು ಕೈ ಚಾಚಿವೆ ಎಂಬುದು ಫಾರಿನ್ ಕೀ ಎಂಬ ಹೆಸರಿನಲ್ಲಿ ದಾಖಲಾಗಿದ್ದರೆ ಒಂದು ಪ್ರಶ್ನೆಯಲ್ಲೇ ಇಡೀ ಜಾಲ ಕಾಣುತ್ತದೆ. ಬೇರೆ ಬೇರೆ ಇಲಾಖೆಗಳ ತಂತ್ರಾಂಶಗಳ ನಡುವೆ ಮಾತ್ರ ಈ ಸುಖವಿಲ್ಲ. ನೋಂದಣಿಗೆ ‘ಕಾವೇರಿ’, ಅಳತೆಗೆ ‘ಮೋಜಿಣಿ’, ಪಹಣಿಗೆ ‘ಭೂಮಿ’. ಒಂದು ಡೇಟಾಬೇಸಿನ ಕ್ಯಾಟಲಾಗು ಇನ್ನೊಂದರ ಕಾಲಮ್ಮನ್ನು ಅರಿಯದು. ಕ್ರಯಪತ್ರವಾದ ಮೇಲೆ ಖಾತೆ ಬದಲಾವಣೆಗೆ ಮಾಹಿತಿ ತಾನಾಗಿ ಹೋಗಬೇಕಾದರೆ ಯಾವುದರ ಯಾವ ಕಾಲಂ ಯಾವುದಕ್ಕೆ ಸಮ ಎಂದು ಮನುಷ್ಯರೇ ಕೂತು ಪಟ್ಟಿ ಮಾಡಬೇಕು.

ಇಂಥ ಪಟ್ಟಿಯನ್ನೂ ಡೇಟಾಬೇಸಿನೊಳಗೇ ಇಡಲು ಜಾಗವಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪ್ರತಿ ಟೇಬಲ್ಲಿಗೂ ಕಾಲಮ್ಮಿಗೂ ಒಂದು ಟಿಪ್ಪಣಿ ಅಂಟಿಸಬಹುದು, ‘ಕಾಮೆಂಟ್’ ಎಂಬ ಆಜ್ಞೆಯಿಂದ, ಕನ್ನಡದಲ್ಲೇ. ‘ಪಹಣಿ 9, ಖಾತೆದಾರರ ಹೆಸರು’ ಎಂದು ಬರೆದಿಟ್ಟರೆ ಅದೂ ಕ್ಯಾಟಲಾಗಿನ ಒಂದು ಸಾಲಾಗುತ್ತದೆ, ಹುಡುಕಿದರೆ ಸಿಗುತ್ತದೆ. ನಾನು ನೋಡಿದ ಡೇಟಾಬೇಸ್‌ಗಳಲ್ಲಿ ಈ ಜಾಗ ಹೆಚ್ಚಾಗಿ ಖಾಲಿ. ಕಟ್ಟುವಾಗ ಎಲ್ಲರಿಗೂ ಎಲ್ಲವೂ ನೆನಪಿರುತ್ತದೆ, ಅದೇ ತೊಂದರೆ.

ಕೊನೆಗೊಂದು ಎಚ್ಚರಿಕೆ, ಟರ್ಮಿನಲ್ ಹೇಳದೆ ಬಿಡುವಂಥದ್ದು. ಇನ್ಫರ್ಮೇಷನ್ ಸ್ಕೀಮಾ ತೋರಿಸುವುದು ಕೇಳುವವರಿಗೆ ಅನುಮತಿ ಇರುವ ಕಾಲಂಗಳನ್ನು ಮಾತ್ರ. ಬೆಳೆ ವಿಭಾಗದ ಲಾಗಿನ್‌ನಿಂದ ಋಣದ ಕಾಲಂ ಹುಡುಕಿದರೆ ‘ಸೊನ್ನೆ ಸಾಲು’ ಎಂಬ ಉತ್ತರ ಬರುತ್ತದೆ. ಆ ಕಾಲಂ ಇಲ್ಲವೇ ಇಲ್ಲ ಎಂದಾಗಲೂ ಇದೇ ಉತ್ತರ, ಇದೇ ಅಕ್ಷರ. ಪೋಸ್ಟ್‌ಗ್ರೆಸ್‌ನಲ್ಲಾದರೆ ಪಿಜಿ ಆಟ್ರಿಬ್ಯೂಟನ್ನು ನೇರವಾಗಿ ಕೇಳಿ ವ್ಯತ್ಯಾಸ ತಿಳಿಯಬಹುದು. ಒಳಗಿನ ಮಾಹಿತಿ ಓದಲು ಬಾರದವರಿಗೂ ಅದು ಕಾಲಮ್ಮಿನ ಹೆಸರನ್ನು ತೋರಿಸುತ್ತದೆ. ಅಲ್ಲಿ ಹೆಸರು ಕಂಡರೆ ಹುಡುಕಾಟ ನಿಲ್ಲಿಸಿ ಅನುಮತಿಗೆ ಅರ್ಜಿ ಬರೆಯಬೇಕು. ಕಾಣದಿದ್ದರೆ ಮೊದಲು ಆ ‘ಎಚ್’ ತೆಗೆದು ಇನ್ನೊಮ್ಮೆ ಕೇಳಿ ನೋಡುವುದು.